ಎಂಟು ಕಾಲಿನ ಐಸಿಯ ಒಳಗೆ ನಡೆಯುವುದೇನು?

ಟಿವಿ, ಪ್ರಿಂಟರ್, ಬ್ಯಾಟರಿ ಚಾರ್ಜರ್, ಸಿಸಿಟಿವಿ ಅಡಾಪ್ಟರ್ ಯಾವುದು ಸತ್ತರೂ ರಿಪೇರಿ ಮಾಡುವವರ ಕಣ್ಣು ಮೊದಲು ಹೋಗುವುದು ಎಸ್‌ಎಂಪಿಎಸ್ ಬೋರ್ಡಿನ ಕಡೆಗೆ. ಅಲ್ಲಿ ಎಂಟು ಕಾಲಿನ ಪುಟ್ಟ ಐಸಿ ಕೂತಿರುತ್ತದೆ. "ಐಸಿ ಹೋಗಿರಬೇಕು" ಎಂದು ಅದನ್ನು ಕಿತ್ತು ಹೊಸದು ಹಾಕುತ್ತಾರೆ. ಸರಿಹೋಗದಿದ್ದರೆ ಮಾಸ್ಫೆಟ್ ಬದಲಿಸುತ್ತಾರೆ. ಅದೂ ಆಗದಿದ್ದರೆ ಬೋರ್ಡು ಗುಜರಿಗೆ ಹೋಗುತ್ತದೆ. ಹಾಗೆ ಗುಜರಿ ಸೇರಿದ ಎಷ್ಟೋ ಬೋರ್ಡುಗಳಲ್ಲಿ ಐಸಿಯ ತಪ್ಪು ಏನೂ ಇರುವುದಿಲ್ಲ. ಪಕ್ಕದ ಒಂದು ಚಿಕ್ಕ ಕೆಪಾಸಿಟರ್ ಒಣಗಿರುತ್ತದೆ, ಅಷ್ಟೆ.

ಐಸಿಯ ಒಳಗೆ ಯಾವ ಕೆಲಸ ಯಾವುದರ ನಂತರ ನಡೆಯುತ್ತದೆ ಎಂಬುದು ತಿಳಿದಿದ್ದರೆ ಬೋರ್ಡು ತನ್ನ ಕಾಯಿಲೆಯನ್ನು ತಾನೇ ತೋರಿಸಿಕೊಡುತ್ತದೆ. ಅದಕ್ಕೆ ದೊಡ್ಡ ಗಣಿತ ಬೇಡ. ನಾಲ್ಕೈದು ಸಂಖ್ಯೆಗಳು ನೆನಪಿದ್ದರೆ ಸಾಕು. ಐಟಿಐ ವಿದ್ಯಾರ್ಥಿಗಳಿಗೆ, ಅಂಗಡಿಯ ಮೆಕ್ಯಾನಿಕ್‌ಗಳಿಗೆ, ಮನೆಯಲ್ಲಿ ಬೆಸುಗೆ ಕಡ್ಡಿ ಹಿಡಿಯುವ ಹವ್ಯಾಸಿಗಳಿಗೆ ಅವನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಉದಾಹರಣೆಗೆ ತೆಗೆದುಕೊಂಡಿರುವುದು ಯುಸಿ3842. ಇದನ್ನು ರೂಪಿಸಿದ್ದು ಅಮೆರಿಕದ ಯೂನಿಟ್ರೋಡ್ ಕಂಪನಿ. 1999ರಲ್ಲಿ ಆ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಪಾಲಾಯಿತು. ಇದೇ ಐಸಿಯನ್ನು ಬೇರೆ ಬೇರೆ ತಯಾರಕರು ಕೆಎ3842, ಟಿಎಲ್3842 ಎಂಬಂಥ ಹೆಸರುಗಳಲ್ಲಿ ಮಾಡಿದ್ದಾರೆ. ಹೊಸ ಐಸಿಗಳು ಎಷ್ಟು ಬಂದಿದ್ದರೂ ಕಲಿಯಲು ಇದರಷ್ಟು ಸ್ಪಷ್ಟವಾದದ್ದು ಕಡಿಮೆ.

ಎಸ್‌ಎಂಪಿಎಸ್ ಮಾಡುವ ಕೆಲಸ

ಹಳೆಯ ರೇಡಿಯೋಗಳಲ್ಲಿ ಕಬ್ಬಿಣದ ಭಾರಿ ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು. ಸೆಕೆಂಡಿಗೆ 50 ಸಲ ಹೋಗಿಬರುವ ಕರೆಂಟಿಗೆ ಅಷ್ಟು ದೊಡ್ಡ ಕೋರ್ ಬೇಕೇ ಬೇಕು. ಅದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡಿದರೆ, ಒಂದೊಂದು ಸಲಕ್ಕೆ ಸಾಗಿಸಬೇಕಾದ ಶಕ್ತಿ ಕಡಿಮೆಯಾಗಿ ಬೆರಳ ತುದಿಯಷ್ಟು ಫೆರೈಟ್ ಕೋರ್ ಸಾಕಾಗುತ್ತದೆ. ಎಸ್‌ಎಂಪಿಎಸ್‌ನ ಗುಟ್ಟು ಇದು.

ಗೋಡೆಯಿಂದ ಬಂದ 230 ವೋಲ್ಟ್ ಎಸಿ ಬ್ರಿಜ್ ಡಯೋಡ್ ದಾಟಿ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ನಿಲ್ಲುತ್ತದೆ. ಅಲ್ಲಿಂದ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಸುತ್ತು, ಅದರ ಕೆಳಗೆ ಮಾಸ್ಫೆಟ್, ಮಾಸ್ಫೆಟ್‌ನ ಕೆಳಗೆ ಕರೆಂಟ್ ಅಳೆಯುವ ಒಂದು ಚಿಕ್ಕ ರೆಸಿಸ್ಟರ್. ಮಾಸ್ಫೆಟ್ ಆನ್ ಆದಾಗ ಸುತ್ತಿನಲ್ಲಿ ಕರೆಂಟ್ ಏರುತ್ತ ಹೋಗಿ ಕೋರಿನಲ್ಲಿ ಶಕ್ತಿ ಸಂಗ್ರಹವಾಗುತ್ತದೆ. ಆಫ್ ಆದಾಗ ಆ ಶಕ್ತಿ ಸೆಕೆಂಡರಿಯ ಡಯೋಡ್ ಮೂಲಕ ಹೊರಗಿನ ಕೆಪಾಸಿಟರಿಗೆ ಸುರಿಯುತ್ತದೆ. ಇದು ಫ್ಲೈಬ್ಯಾಕ್ ವಿಧಾನ. ಮಾಸ್ಫೆಟ್ ಅನ್ನು ಯಾವಾಗ ಆನ್ ಮಾಡಬೇಕು, ಎಷ್ಟು ಹೊತ್ತು ಇಡಬೇಕು ಎಂದು ತೀರ್ಮಾನಿಸುವುದೇ ನಮ್ಮ ಐಸಿ.

ಮೊದಲು ಈ ತೀರ್ಮಾನವನ್ನು ಬಿಡಿ ಟ್ರಾನ್ಸಿಸ್ಟರುಗಳ ಗುಂಪೊಂದು ಮಾಡಬೇಕಾಗಿತ್ತು. 1976ರಲ್ಲಿ ಸಿಲಿಕಾನ್ ಜನರಲ್ ಕಂಪನಿಯ ಬಾಬ್ ಮಮ್ಮಾನೊ ವಿನ್ಯಾಸಗೊಳಿಸಿದ ಎಸ್‌ಜಿ1524 ಅದನ್ನೆಲ್ಲ ಒಂದೇ ಚಿಪ್ಪಿಗೆ ತಂದಿತು. ಆಮೇಲೆ ಬಂದ ಟಿಎಲ್494 ಕಂಪ್ಯೂಟರ್ ಪವರ್ ಸಪ್ಲೈಗಳಲ್ಲಿ ಮನೆಮಾತಾಯಿತು. 3842 ಅದರ ಮುಂದಿನ ಹೆಜ್ಜೆ. ಅದು ವೋಲ್ಟೇಜ್ ಜೊತೆಗೆ ಕರೆಂಟನ್ನೂ ಪ್ರತಿ ಸಲ ಅಳೆಯುತ್ತದೆ.

ಎಂಟು ಕಾಲುಗಳ ಪರಿಚಯ

1ನೆಯ ಕಾಲು: ಎರರ್ ಆಂಪ್ಲಿಫೈಯರ್‌ನ ಔಟ್‌ಪುಟ್. ಈ ಸಲ ಎಷ್ಟು ಕರೆಂಟ್ ಬಿಡಬಹುದು ಎಂಬ ಆದೇಶ ಇಲ್ಲಿ ವೋಲ್ಟೇಜ್ ರೂಪದಲ್ಲಿರುತ್ತದೆ.
2ನೆಯ ಕಾಲು: ಫೀಡ್‌ಬ್ಯಾಕ್. ಔಟ್‌ಪುಟ್ ಹೆಚ್ಚೋ ಕಡಿಮೆಯೋ ಎಂಬ ಸುದ್ದಿ ಬರುವ ದಾರಿ.
3ನೆಯ ಕಾಲು: ಕರೆಂಟ್ ಸೆನ್ಸ್.
4ನೆಯ ಕಾಲು: ಆಸಿಲೇಟರ್‌ನ ರೆಸಿಸ್ಟರ್ ಮತ್ತು ಕೆಪಾಸಿಟರ್.
5ನೆಯ ಕಾಲು: ಗ್ರೌಂಡ್.
6ನೆಯ ಕಾಲು: ಮಾಸ್ಫೆಟ್‌ನ ಗೇಟ್‌ಗೆ ಹೋಗುವ ಔಟ್‌ಪುಟ್.
7ನೆಯ ಕಾಲು: ಐಸಿಯ ಸಪ್ಲೈ.
8ನೆಯ ಕಾಲು: 5 ವೋಲ್ಟ್ ರೆಫರೆನ್ಸ್.

ಓದಲು 1ರಿಂದ ಹೊರಟರೂ ಐಸಿ ಏಳುವುದು 7ರಿಂದ. ರಿಪೇರಿಯೂ ಅಲ್ಲಿಂದಲೇ ಶುರುವಾಗಬೇಕು.

16ರಲ್ಲಿ ಏಳುತ್ತದೆ, 10ರಲ್ಲಿ ಮಲಗುತ್ತದೆ

ಐಸಿಗೆ ಸಪ್ಲೈ ಬೇಕು, ಆದರೆ ಸಪ್ಲೈ ತಯಾರಿಸಬೇಕಾದದ್ದೇ ಐಸಿ. ಈ ಗಂಟನ್ನು ಬಿಡಿಸುವುದು ಸ್ಟಾರ್ಟಪ್ ರೆಸಿಸ್ಟರ್. 325 ವೋಲ್ಟಿನಿಂದ 7ನೆಯ ಕಾಲಿನ ಕೆಪಾಸಿಟರಿಗೆ 180 ಕಿಲೋ ಓಮ್ ರೆಸಿಸ್ಟರ್ ಹಾಕಿದ್ದೇವೆ ಎನ್ನೋಣ. ಅದರಲ್ಲಿ ಬರುವ ಕರೆಂಟ್ ಸುಮಾರು 1.7 ಮಿಲಿ ಆಂಪಿಯರ್. ಏಳುವ ಮೊದಲು ಐಸಿ ತಾನು ತಿನ್ನುವುದು ಹೆಚ್ಚೆಂದರೆ 1 ಮಿಲಿ ಆಂಪಿಯರ್, ಸಾಮಾನ್ಯವಾಗಿ ಅದರ ಅರ್ಧ. ಉಳಿದದ್ದು 47 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ತುಂಬುತ್ತದೆ. ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಅದು 16 ವೋಲ್ಟ್ ಮುಟ್ಟುತ್ತದೆ.

ಐಸಿಯೊಳಗಿನ ಅಂಡರ್‌ವೋಲ್ಟೇಜ್ ಲಾಕೌಟ್ ಎಂಬ ಭಾಗ ಇದನ್ನೇ ಕಾಯುತ್ತಿರುತ್ತದೆ. 16 ವೋಲ್ಟ್ ಆಗುವ ತನಕ ಉಳಿದ ಎಲ್ಲ ಭಾಗಗಳನ್ನೂ ಮುಚ್ಚಿಟ್ಟಿರುತ್ತದೆ. ಮುಟ್ಟಿದ ಕ್ಷಣ ಬಾಗಿಲು ತೆರೆಯುತ್ತದೆ. ಆಗ ಐಸಿಯ ಹಸಿವು ಒಮ್ಮೆಲೆ ಸುಮಾರು 11 ಮಿಲಿ ಆಂಪಿಯರ್‌ಗೆ ಏರುತ್ತದೆ. ಗೇಟ್ ತುಂಬಿಸುವ ಖರ್ಚೂ ಸೇರಿದರೆ 15 ಎನ್ನಿ. ಸ್ಟಾರ್ಟಪ್ ರೆಸಿಸ್ಟರಿಗೆ ಅಷ್ಟು ಕೊಡುವ ಶಕ್ತಿ ಇಲ್ಲವಾದ್ದರಿಂದ ಕೆಪಾಸಿಟರಿನ ವೋಲ್ಟೇಜ್ ಇಳಿಯತೊಡಗುತ್ತದೆ. 16ರಿಂದ 10ಕ್ಕೆ ಇಳಿಯಲು 47 ಮೈಕ್ರೋಫ್ಯಾರಡ್‌ಗೆ ಹಿಡಿಯುವ ಕಾಲ ಸುಮಾರು 19 ಮಿಲಿಸೆಕೆಂಡ್. ಅಷ್ಟರೊಳಗೆ ಟ್ರಾನ್ಸ್‌ಫಾರ್ಮರಿನಲ್ಲಿ ಐಸಿಗೆಂದೇ ಸುತ್ತಿರುವ ಆಕ್ಸಿಲಿಯರಿ ಸುತ್ತಿನಿಂದ, ಒಂದು ಡಯೋಡ್ ಮೂಲಕ, ಸಪ್ಲೈ ಬಂದುಬಿಡಬೇಕು. ಬಂದರೆ ಐಸಿ ಓಡುತ್ತಲೇ ಇರುತ್ತದೆ. ಬಾರದಿದ್ದರೆ 10ಕ್ಕೆ ಇಳಿದು ಮಲಗುತ್ತದೆ, ಮತ್ತೆ 16ಕ್ಕೆ ತುಂಬಿ ಏಳುತ್ತದೆ, ಮತ್ತೆ ಮಲಗುತ್ತದೆ. ಬೋರ್ಡು "ಟಿಕ್... ಟಿಕ್..." ಎನ್ನುವುದಕ್ಕೆ ಕಾರಣ ಇದು.

ಕೆಪಾಸಿಟರ್ ಒಣಗಿ 47ರ ಬದಲು 10 ಮೈಕ್ರೋಫ್ಯಾರಡ್ ಉಳಿದಿದ್ದರೆ ಐಸಿಗೆ ಸಿಗುವುದು ನಾಲ್ಕೇ ಮಿಲಿಸೆಕೆಂಡ್. ಔಟ್‌ಪುಟ್ ಕೆಪಾಸಿಟರುಗಳನ್ನು ತುಂಬಿಸಿ ಆಕ್ಸಿಲಿಯರಿ ಸಪ್ಲೈ ಎತ್ತಲು ಅದು ಸಾಲದು. ಐಸಿ, ಮಾಸ್ಫೆಟ್, ಟ್ರಾನ್ಸ್‌ಫಾರ್ಮರ್ ಎಲ್ಲ ಚೆನ್ನಾಗಿದ್ದರೂ ಬೋರ್ಡು ಸತ್ತಂತೆ ಕಾಣುವುದು ಹೀಗೆ.

ಏಳುವುದಕ್ಕೂ ಮಲಗುವುದಕ್ಕೂ 6 ವೋಲ್ಟಿನ ಅಂತರ ಇಟ್ಟಿರುವುದರ ಉದ್ದೇಶ ಐಸಿಗೆ ಈ ಕಾಲಾವಕಾಶ ಕೊಡುವುದು. 10ರಲ್ಲಿ ನಿಲ್ಲಿಸುವುದಕ್ಕೂ ಕಾರಣವಿದೆ. ಗೇಟ್‌ಗೆ ಸಾಲದಷ್ಟು ವೋಲ್ಟೇಜ್ ಕೊಟ್ಟರೆ ಮಾಸ್ಫೆಟ್ ಅರ್ಧಂಬರ್ಧ ತೆರೆದುಕೊಂಡು ಕಾದು ಸಾಯುತ್ತದೆ. ಐಸಿ ಮಲಗಿ ಅದನ್ನು ಉಳಿಸುತ್ತದೆ.

ಅಳತೆಗೋಲು ಮತ್ತು ಗಡಿಯಾರ

ಐಸಿ ಎದ್ದ ಕೂಡಲೇ 8ನೆಯ ಕಾಲಿನಲ್ಲಿ 5 ವೋಲ್ಟ್ ಹುಟ್ಟುತ್ತದೆ. ಒಳಗಿನ ಎಲ್ಲ ಹೋಲಿಕೆಗಳಿಗೂ ಇದೇ ಅಳತೆಗೋಲು. 3842ರಲ್ಲಿ ಇದು 4.9ರಿಂದ 5.1ರ ನಡುವೆ ಇರಬೇಕು. ಈ 5 ವೋಲ್ಟ್ ಇದೆಯೇ ಇಲ್ಲವೇ ಎಂದು ನೋಡಿದರೆ ಐಸಿ ಎಚ್ಚರವಾಗಿದೆಯೋ ಇಲ್ಲವೋ ತಿಳಿಯುತ್ತದೆ.

8ರಿಂದ 4ನೆಯ ಕಾಲಿಗೆ ಒಂದು ರೆಸಿಸ್ಟರ್, 4ರಿಂದ ಗ್ರೌಂಡಿಗೆ ಒಂದು ಕೆಪಾಸಿಟರ್ ಇರುತ್ತದೆ. ರೆಸಿಸ್ಟರ್ ಮೂಲಕ ಕೆಪಾಸಿಟರ್ ನಿಧಾನವಾಗಿ ತುಂಬುತ್ತದೆ. ಸುಮಾರು 2.8 ವೋಲ್ಟ್ ತಲುಪಿದಾಗ ಐಸಿಯೊಳಗಿನ ಸುಮಾರು 8 ಮಿಲಿ ಆಂಪಿಯರಿನ ಕರೆಂಟ್ ಸಿಂಕ್ ಅದನ್ನು ಬೇಗ ಬರಿದು ಮಾಡುತ್ತದೆ. 1.1ರ ಆಸುಪಾಸಿಗೆ ಬಂದಾಗ ಮತ್ತೆ ತುಂಬತೊಡಗುತ್ತದೆ. ಹೀಗೆ ಗರಗಸದ ಹಲ್ಲಿನಂಥ ಅಲೆ ಹುಟ್ಟುತ್ತದೆ. ಪ್ರತಿ ಹಲ್ಲೂ ಗಡಿಯಾರದ ಒಂದು ಬಡಿತ.

ಆವರ್ತನ ಕಂಡುಹಿಡಿಯಲು 1.72 ಅನ್ನು ರೆಸಿಸ್ಟರ್ ಮತ್ತು ಕೆಪಾಸಿಟರಿನ ಗುಣಲಬ್ಧದಿಂದ ಭಾಗಿಸಬೇಕು. 10 ಕಿಲೋ ಓಮ್, 2.2 ನ್ಯಾನೋಫ್ಯಾರಡ್ ಆದರೆ ಸುಮಾರು 78 ಕಿಲೋಹರ್ಟ್ಜ್. ಎಂದರೆ ಪ್ರತಿ 12.8 ಮೈಕ್ರೋಸೆಕೆಂಡಿಗೆ ಒಂದು ಬಡಿತ. ರೆಸಿಸ್ಟರ್ 5 ಕಿಲೋ ಓಮಿಗಿಂತ ಹೆಚ್ಚಿರುವಾಗ ಈ ಲೆಕ್ಕ ಸರಿಯಾಗಿ ಹೊಂದುತ್ತದೆ.

ಪ್ರತಿ ಬಡಿತಕ್ಕೂ ಒಂದೇ ಪ್ರಶ್ನೆ

ಐಸಿಯ ಹೃದಯ ಒಂದು ಲ್ಯಾಚ್ ಮತ್ತು ಒಂದು ಕಂಪೇರೇಟರ್. ಗಡಿಯಾರದ ಬಡಿತ ಬಂದಾಗ ಲ್ಯಾಚ್ ಸೆಟ್ ಆಗಿ ಮಾಸ್ಫೆಟ್ ಆನ್ ಆಗುತ್ತದೆ. ಪ್ರೈಮರಿಯಲ್ಲಿ ಕರೆಂಟ್ ಏರತೊಡಗುತ್ತದೆ. ಅದು ಸೆನ್ಸ್ ರೆಸಿಸ್ಟರಿನ ಮೇಲೆ ಸಣ್ಣ ವೋಲ್ಟೇಜ್ ಆಗಿ 3ನೆಯ ಕಾಲಿಗೆ ಬರುತ್ತದೆ. ಕಂಪೇರೇಟರ್ ಕೇಳುವುದು ಒಂದೇ ಪ್ರಶ್ನೆ: ಕರೆಂಟ್ ಅಪ್ಪಣೆ ಕೊಟ್ಟಷ್ಟು ಆಯಿತೇ? ಆಯಿತು ಎಂದಾಕ್ಷಣ ಲ್ಯಾಚ್ ರೀಸೆಟ್ ಆಗಿ ಮಾಸ್ಫೆಟ್ ಆಫ್ ಆಗುತ್ತದೆ. ಮುಂದಿನ ಬಡಿತ ಬರುವ ತನಕ ಏನೇ ಆದರೂ ಮತ್ತೆ ಆನ್ ಆಗುವುದಿಲ್ಲ. ಲ್ಯಾಚ್ ಇರುವುದೇ ಆ ಕಟ್ಟುನಿಟ್ಟಿಗಾಗಿ. ಒಂದು ಬಡಿತಕ್ಕೆ ಒಂದೇ ಪಲ್ಸ್.

ಅಪ್ಪಣೆ ಎಷ್ಟು ಎಂಬುದು 1ನೆಯ ಕಾಲಿನಿಂದ ಬರುತ್ತದೆ. ಅಲ್ಲಿನ ವೋಲ್ಟೇಜಿನಿಂದ ಐಸಿ ಎರಡು ಡಯೋಡ್‌ಗಳ 1.4 ವೋಲ್ಟ್ ಕಳೆದು, ಉಳಿದದ್ದನ್ನು ಮೂರರಿಂದ ಭಾಗಿಸಿ ಕಂಪೇರೇಟರಿಗೆ ಕೊಡುತ್ತದೆ. ಅದು ಯಾವತ್ತೂ 1 ವೋಲ್ಟ್ ದಾಟದಂತೆ ಒಳಗೇ ಒಂದು ತಡೆ ಇದೆ. ಔಟ್‌ಪುಟ್ ಶಾರ್ಟ್ ಆದಾಗಲೂ ಮಾಸ್ಫೆಟ್ ಉಳಿಯುವುದಕ್ಕೆ ಈ 1 ವೋಲ್ಟೇ ಮುಖ್ಯ ಕಾರಣ. ಸೆನ್ಸ್ ರೆಸಿಸ್ಟರ್ 0.82 ಓಮ್ ಆಗಿದ್ದರೆ ಕರೆಂಟ್ 1.2 ಆಂಪಿಯರಿಗಿಂತ ಹೆಚ್ಚು ಏರಲು ಐಸಿ ಬಿಡುವುದಿಲ್ಲ. ಲೋಡಿಗೆ 1 ಆಂಪಿಯರ್ ಶಿಖರ ಸಾಕೆಂದರೆ 3ನೆಯ ಕಾಲಿನಲ್ಲಿ 0.82 ವೋಲ್ಟ್, 1ನೆಯ ಕಾಲಿನಲ್ಲಿ ಸುಮಾರು 3.9 ವೋಲ್ಟ್ ಇರುತ್ತದೆ.

ಕರೆಂಟನ್ನೇ ಅಳೆಯುವುದರ ಲಾಭ

ಪ್ರೈಮರಿಯ ಇಂಡಕ್ಟೆನ್ಸ್ ಅರ್ಧ ಮಿಲಿಹೆನ್ರಿ ಇರಲಿ. 325 ವೋಲ್ಟಿನಲ್ಲಿ ಕರೆಂಟ್ 1 ಆಂಪಿಯರ್ ಮುಟ್ಟಲು ಸುಮಾರು 1.5 ಮೈಕ್ರೋಸೆಕೆಂಡ್ ಬೇಕು. ಆಗ ಕೋರಿನಲ್ಲಿ ಸೇರುವ ಶಕ್ತಿ ಕಾಲು ಮಿಲಿಜೌಲ್. ಸೆಕೆಂಡಿಗೆ 78 ಸಾವಿರ ಸಲ ಎಂದರೆ ಸುಮಾರು 19 ವಾಟ್.

ಈಗ ಸಂಜೆ ಹೊತ್ತು ಹಳ್ಳಿಯಲ್ಲಿ ಪಂಪ್‌ಸೆಟ್‌ಗಳೆಲ್ಲ ಓಡತೊಡಗಿ ಮನೆಯ ವೋಲ್ಟೇಜ್ 170ಕ್ಕೆ ಇಳಿಯಿತು ಎನ್ನೋಣ. 325 ಇದ್ದದ್ದು 240 ಆಗುತ್ತದೆ. ಆನ್ ಇರುವ ಸಮಯ ಮೊದಲಿನಷ್ಟೇ ಇದ್ದರೆ ಸಾಗುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯುತ್ತದೆ. ಆದರೆ ಈ ಐಸಿ ಸಮಯ ಎಣಿಸುತ್ತಿಲ್ಲ, ಕರೆಂಟ್ ನೋಡುತ್ತಿದೆ. 1 ಆಂಪಿಯರ್ ಆಗುವ ತನಕ ಕಾಯುತ್ತದೆ. ಈ ಸಲ ಅದಕ್ಕೆ ಸುಮಾರು 2.1 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಸಾಗಿದ ಶಕ್ತಿ ಮೊದಲಿನಷ್ಟೇ. ಔಟ್‌ಪುಟ್ ಕುಸಿದು, ಅದರ ಸುದ್ದಿ ಸುತ್ತಿಬಂದು, ಆಮೇಲೆ ಸರಿಪಡಿಸುವ ಗೋಜೇ ಇಲ್ಲ. ಅದೇ ಬಡಿತದಲ್ಲಿ ಸರಿಹೋಯಿತು. ಈ ಸೊಗಸಿಗಾಗಿಯೇ ಕರೆಂಟ್ ಮೋಡ್ ವಿಧಾನ ಇಷ್ಟು ಹರಡಿತು.

ಇದಕ್ಕೆ ಎರಡು ದೌರ್ಬಲ್ಯಗಳೂ ಇವೆ. ಮಾಸ್ಫೆಟ್ ಆನ್ ಆಗುವ ಕ್ಷಣದಲ್ಲಿ ಸುತ್ತಿನ ಒಳ ಕೆಪಾಸಿಟೆನ್ಸ್‌ನಿಂದ ಒಂದು ಚೂಪಾದ ಮುಳ್ಳು ಏಳುತ್ತದೆ. ಕಂಪೇರೇಟರ್ ಅದನ್ನೇ ನಿಜವಾದ ಕರೆಂಟ್ ಎಂದು ತಿಳಿದು ಬೇಗನೆ ಆಫ್ ಮಾಡಿಬಿಡಬಹುದು. ಅದಕ್ಕಾಗಿ 3ನೆಯ ಕಾಲಿನ ಬಳಿ 1 ಕಿಲೋ ಓಮ್, 470 ಪಿಕೋಫ್ಯಾರಡ್‌ನಂಥ ಪುಟ್ಟ ಫಿಲ್ಟರ್ ಹಾಕುತ್ತಾರೆ. ಇನ್ನೊಂದು: ಕೋರ್ ಪೂರ್ತಿ ಬರಿದಾಗುವ ಮೊದಲೇ ಮುಂದಿನ ಬಡಿತ ಬರುವ ವಿನ್ಯಾಸದಲ್ಲಿ, ಆನ್ ಸಮಯ ಅರ್ಧಕ್ಕಿಂತ ಹೆಚ್ಚಾದರೆ ಒಂದು ಪಲ್ಸ್ ಅಗಲ, ಒಂದು ಕಿರಿದು ಎಂದು ತೂಗಾಡತೊಡಗುತ್ತದೆ. ಟ್ರಾನ್ಸ್‌ಫಾರ್ಮರ್ ಕೀರಲು ದನಿ ಹೊರಡಿಸುವುದಕ್ಕೆ ಇದೂ ಒಂದು ಕಾರಣ. 4ನೆಯ ಕಾಲಿನ ಗರಗಸದ ಅಲೆಯನ್ನು ಸ್ವಲ್ಪ 3ನೆಯ ಕಾಲಿಗೆ ಬೆರೆಸುವುದು ಇದರ ಪರಿಹಾರ. ಅದಕ್ಕೆ ಸ್ಲೋಪ್ ಕಾಂಪೆನ್ಸೇಷನ್ ಎನ್ನುತ್ತಾರೆ.

ಔಟ್‌ಪುಟ್‌ನ ಸುದ್ದಿ ತರುವವರು

ಎರರ್ ಆಂಪ್ಲಿಫೈಯರ್ 2ನೆಯ ಕಾಲಿನ ವೋಲ್ಟೇಜನ್ನು 5ರ ಅರ್ಧವಾದ 2.5 ವೋಲ್ಟಿನ ಜೊತೆ ಹೋಲಿಸುತ್ತದೆ. ಅದಕ್ಕಿಂತ ಕಡಿಮೆ ಬಂದರೆ 1ನೆಯ ಕಾಲಿನ ಆದೇಶವನ್ನು ಏರಿಸುತ್ತದೆ, ಹೆಚ್ಚು ಬಂದರೆ ಇಳಿಸುತ್ತದೆ. 1 ಮತ್ತು 2ರ ನಡುವಿನ ರೆಸಿಸ್ಟರ್, ಕೆಪಾಸಿಟರ್ ಈ ಏರಿಳಿತ ಎಷ್ಟು ಚುರುಕಾಗಿರಬೇಕು ಎಂದು ನಿಶ್ಚಯಿಸುತ್ತವೆ.

ಇಂದಿನ ಹೆಚ್ಚಿನ ಅಡಾಪ್ಟರುಗಳಲ್ಲಿ ಸೆಕೆಂಡರಿ ಕಡೆ ಟಿಎಲ್431 ಎಂಬ ಮೂರು ಕಾಲಿನ ಐಸಿ ಈ ಹೋಲಿಕೆ ಮಾಡುತ್ತದೆ. ಅದರ ಅಳತೆಗೋಲೂ 2.5 ವೋಲ್ಟಿನ ಹತ್ತಿರದ್ದೇ. ಔಟ್‌ಪುಟ್ ಹೆಚ್ಚಾದರೆ ಅದು ಪಿಸಿ817ನಂಥ ಆಪ್ಟೋಕಪ್ಲರ್‌ನ ದೀಪವನ್ನು ಪ್ರಖರಗೊಳಿಸುತ್ತದೆ. ಪ್ರೈಮರಿ ಕಡೆಯ ಟ್ರಾನ್ಸಿಸ್ಟರ್ 1ನೆಯ ಕಾಲನ್ನು ಕೆಳಗೆಳೆಯುತ್ತದೆ. 2ನೆಯ ಕಾಲು ಗ್ರೌಂಡಿಗೆ ಕೂಡಿಕೊಂಡಿರುವುದನ್ನು ಕಂಡರೆ ಗಾಬರಿ ಬೇಡ. ಅದು ಈ ಬಗೆಯ ವಿನ್ಯಾಸ.

ಕೊನೆಯ ಹೊಡೆತ

6ನೆಯ ಕಾಲಿನ ಹಿಂದೆ ಒಂದರ ಮೇಲೊಂದು ಎರಡು ಟ್ರಾನ್ಸಿಸ್ಟರುಗಳಿವೆ. ಒಂದು ಗೇಟನ್ನು ಮೇಲೆ ಎಳೆಯುತ್ತದೆ, ಇನ್ನೊಂದು ಗ್ರೌಂಡಿಗೆ ಇಳಿಸುತ್ತದೆ. ಕ್ಷಣಮಾತ್ರಕ್ಕೆ 1 ಆಂಪಿಯರ್ ತನಕ ಕೊಡಬಲ್ಲವು. ಮಾಸ್ಫೆಟ್‌ನ ಗೇಟ್ ಒಂದು ಪುಟ್ಟ ಕೆಪಾಸಿಟರ್ ಇದ್ದಹಾಗೆ. ಅದನ್ನು ಬೇಗ ತುಂಬಿಸಿ ಬೇಗ ಬರಿದು ಮಾಡಿದಷ್ಟೂ ಮಾಸ್ಫೆಟ್ ತಣ್ಣಗಿರುತ್ತದೆ. 40 ನ್ಯಾನೋಕೂಲಂಬ್‌ನ ಗೇಟ್ ಆದರೆ 78 ಕಿಲೋಹರ್ಟ್ಜ್‌ನಲ್ಲಿ ಸರಾಸರಿ 3 ಮಿಲಿ ಆಂಪಿಯರ್ ಖರ್ಚು. ಮೇಲೆ 11ಕ್ಕೆ ಸೇರಿಸಿ 15 ಎಂದದ್ದು ಈ ಖರ್ಚನ್ನು ನೋಡಿಯೇ.

ಅಪಾಯದ ಮಾತು ಮೊದಲು

ಪ್ರೈಮರಿ ಕಡೆಯ ಗ್ರೌಂಡ್ ನೇರವಾಗಿ ಮನೆಯ ಮೇನ್ಸ್‌ಗೆ ಸೇರಿದ್ದು. ಅದನ್ನು ಮುಟ್ಟಿದರೆ ಜೀವ ಹೋಗಬಹುದು. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಆಸಿಲೋಸ್ಕೋಪಿನ ಗ್ರೌಂಡ್ ಕ್ಲಿಪ್ಪನ್ನು ಅಲ್ಲಿಗೆ ಹಾಕಲೇಬೇಡಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟ್ ಉಳಿದಿರಬಹುದು. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಬೇಡಿ. 4.7 ಕಿಲೋ ಓಮ್, 10 ವಾಟಿನ ರೆಸಿಸ್ಟರನ್ನು ಇನ್ಸುಲೇಷನ್ ಇರುವ ಕ್ಲಿಪ್‌ಗಳಲ್ಲಿ ಕೆಲವು ಸೆಕೆಂಡ್ ಹಿಡಿದು, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕಿ.

ಮೇನ್ಸ್ ಇಲ್ಲದೆ ಐಸಿ ಪರೀಕ್ಷೆ

ಐಸಿಯನ್ನು ಬೋರ್ಡಿನಲ್ಲೇ ಇಟ್ಟು, ಮೇನ್ಸ್ ಕೊಡದೆ ಪರೀಕ್ಷಿಸಬಹುದು. ಬೆಂಚ್ ಸಪ್ಲೈಯ ಕರೆಂಟ್ ಮಿತಿಯನ್ನು 50 ಮಿಲಿ ಆಂಪಿಯರಿಗೆ ಇಟ್ಟು, ಪ್ಲಸ್ ಅನ್ನು 7ಕ್ಕೂ ಮೈನಸ್ ಅನ್ನು 5ಕ್ಕೂ ಜೋಡಿಸಿ. ಸೊನ್ನೆಯಿಂದ ನಿಧಾನವಾಗಿ ಏರಿಸಿ.

16ರ ಹತ್ತಿರ ಕರೆಂಟ್ 1 ಮಿಲಿ ಆಂಪಿಯರಿಗಿಂತ ಕೆಳಗಿನಿಂದ ಹತ್ತರ ಮೇಲಕ್ಕೆ ಜಿಗಿಯಬೇಕು. 8ನೆಯ ಕಾಲಿನಲ್ಲಿ 5 ವೋಲ್ಟ್ ಬರಬೇಕು. 4ನೆಯ ಕಾಲಿನಲ್ಲಿ ಮಲ್ಟಿಮೀಟರ್ ಸುಮಾರು 2 ವೋಲ್ಟ್ ತೋರಿಸಬೇಕು, ಅದು ಗರಗಸದ ಅಲೆಯ ಸರಾಸರಿ. 6ನೆಯ ಕಾಲಿನಲ್ಲಿ ಸಪ್ಲೈಗಿಂತ ಸ್ವಲ್ಪ ಕಡಿಮೆ ವೋಲ್ಟೇಜ್ ಕಾಣಬೇಕು. ಕರೆಂಟ್ ಹರಿಯುತ್ತಿಲ್ಲವಾದ್ದರಿಂದ ಐಸಿ ಪೂರ್ತಿ ಅಗಲದ ಪಲ್ಸ್ ಕೊಡುತ್ತಿರುತ್ತದೆ. ಈಗ ಇಳಿಸುತ್ತ ಬನ್ನಿ. 10ರ ಹತ್ತಿರ ಎಲ್ಲವೂ ನಿಲ್ಲಬೇಕು.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿ ಐಸಿ ಕೊಳ್ಳುವವರಿಗೆ ಈ ಪರೀಕ್ಷೆ ಬಹಳ ಉಪಯುಕ್ತ. 3843 ಆದರೆ 8.4ರಲ್ಲಿ ಏಳುತ್ತದೆ, 7.6ರಲ್ಲಿ ಮಲಗುತ್ತದೆ. 3844, 3845 ಆದರೆ ಒಂದು ಬಡಿತ ಬಿಟ್ಟು ಒಂದಕ್ಕೆ ಪಲ್ಸ್ ಕೊಡುತ್ತವೆ, ಹಾಗಾಗಿ 6ನೆಯ ಕಾಲಿನಲ್ಲಿ ಸಪ್ಲೈಯ ಅರ್ಧದಷ್ಟು ಕಾಣುತ್ತದೆ. ಇವುಗಳಲ್ಲಿ 3844 ಏಳುವುದು 16ಕ್ಕೆ, 3845 ಏಳುವುದು 8.4ಕ್ಕೆ. 12 ವೋಲ್ಟ್ ಸಪ್ಲೈಗೆ ಮಾಡಿದ ಬೋರ್ಡಿನಲ್ಲಿ 3843ರ ಜಾಗಕ್ಕೆ 3842 ಹಾಕಿದರೆ ಅದು ಯಾವತ್ತೂ ಏಳುವುದಿಲ್ಲ. ಮೇಲೆ ಅಚ್ಚಾದ ಸಂಖ್ಯೆಗಿಂತ ಈ ವೋಲ್ಟೇಜನ್ನು ನಂಬಿ.

ಲಕ್ಷಣ ನೋಡಿ ಕಾರಣ ಹುಡುಕಿ

ದೊಡ್ಡ ಕೆಪಾಸಿಟರಿನಲ್ಲಿ 325 ಇದೆ, 7ನೆಯ ಕಾಲಿನಲ್ಲಿ ಏನೂ ಇಲ್ಲ: ಸ್ಟಾರ್ಟಪ್ ರೆಸಿಸ್ಟರ್ ಓಪನ್ ಆಗಿದೆ, ಇಲ್ಲವೇ 7ನೆಯ ಕಾಲು ಎಲ್ಲೋ ಶಾರ್ಟ್ ಆಗಿದೆ.

7ನೆಯ ಕಾಲು 10 ಮತ್ತು 16ರ ನಡುವೆ ಏರಿಳಿಯುತ್ತಿದೆ: ಮೊದಲು ಅಲ್ಲಿನ ಚಿಕ್ಕ ಕೆಪಾಸಿಟರ್ ಬದಲಿಸಿ. ಆಮೇಲೆ ಆಕ್ಸಿಲಿಯರಿ ಡಯೋಡ್ ನೋಡಿ. ಎರಡೂ ಸರಿ ಇದ್ದರೆ ಸೆಕೆಂಡರಿ ಡಯೋಡ್ ಅಥವಾ ಲೋಡ್ ಶಾರ್ಟ್ ಆಗಿದೆಯೇ ಪರೀಕ್ಷಿಸಿ.

ಫ್ಯೂಸ್ ಹಾರಿದೆ, ಐಸಿ ಸಿಡಿದಿದೆ: ಮಾಸ್ಫೆಟ್ ಶಾರ್ಟ್ ಆಗಿ ಸೆನ್ಸ್ ರೆಸಿಸ್ಟರ್ ಸುಟ್ಟಿದೆ, ಆಗ ಹೈವೋಲ್ಟೇಜ್ 3 ಮತ್ತು 6ನೆಯ ಕಾಲುಗಳ ಮೂಲಕ ಐಸಿಗೆ ನುಗ್ಗಿದೆ. ಮಾಸ್ಫೆಟ್, ಐಸಿ, ಸೆನ್ಸ್ ರೆಸಿಸ್ಟರ್, ಗೇಟ್ ರೆಸಿಸ್ಟರ್, ಫ್ಯೂಸ್ ಐದನ್ನೂ ಒಟ್ಟಿಗೆ ಬದಲಿಸಿ. ಒಂದನ್ನು ಬಿಟ್ಟರೂ ಹೊಸ ಮಾಸ್ಫೆಟ್ ಮತ್ತೆ ಹೋಗಬಹುದು.

ಲೋಡ್ ಇಲ್ಲದಿದ್ದಾಗ ಸರಿ, ಲೋಡ್ ಹಾಕಿದರೆ ಕುಸಿಯುತ್ತದೆ: ಔಟ್‌ಪುಟ್ ಕೆಪಾಸಿಟರ್ ಒಣಗಿದೆ, ಅಥವಾ ಸೆನ್ಸ್ ರೆಸಿಸ್ಟರಿನ ಬೆಲೆ ಏರಿದೆ.

ಔಟ್‌ಪುಟ್ ಅತಿಯಾಗಿ ಏರಿದೆ: ಟಿಎಲ್431, ಆಪ್ಟೋಕಪ್ಲರ್, ಅವುಗಳ ಡಿವೈಡರ್ ರೆಸಿಸ್ಟರುಗಳು. ಐಸಿಗೆ ಸುದ್ದಿ ತಲುಪುತ್ತಿಲ್ಲ.

ದುರಸ್ತಿಯ ನಂತರ ಮೊದಲ ಸಲ ಮೇನ್ಸ್ ಕೊಡುವಾಗ 60 ವಾಟಿನ ಹಳೆಯ ಬಗೆಯ ಬಲ್ಬನ್ನು ಸೀರೀಸ್‌ನಲ್ಲಿಡಿ. ಒಮ್ಮೆ ಮಿಂಚಿ ಆರಿದರೆ ಒಳ್ಳೆಯದು. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಉಳಿದಿದೆ.

ಹೊಸ ಐಸಿ ಎದುರಾದಾಗ

ಸೆಟ್ ಟಾಪ್ ಬಾಕ್ಸ್‌ಗಳಲ್ಲಿ ಕಾಣುವ ವೈಪರ್12ಎ ಐಸಿಯಲ್ಲಿ ಮಾಸ್ಫೆಟ್ ಒಳಗೇ ಇದೆ, ಸ್ಟಾರ್ಟಪ್ ರೆಸಿಸ್ಟರ್ ಬೇಡ, ಗಡಿಯಾರ 60 ಕಿಲೋಹರ್ಟ್ಜ್‌ಗೆ ಕಟ್ಟಿಹಾಕಿದ್ದು. ಆದರೂ ಅದು 14.5ರಲ್ಲಿ ಏಳುತ್ತದೆ, 8ರಲ್ಲಿ ಮಲಗುತ್ತದೆ, ಪ್ರತಿ ಬಡಿತದಲ್ಲೂ ಕರೆಂಟ್ ಅಳೆಯುತ್ತದೆ. ಸಂಖ್ಯೆಗಳು ಬದಲಾಗಿವೆ, ಒಳಗಿನ ಕ್ರಮ ಬದಲಾಗಿಲ್ಲ. ಇನ್ನೂ ಆಳಕ್ಕೆ ಹೋಗಬೇಕೆಂಬ ವಿದ್ಯಾರ್ಥಿಗಳಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ವಿ. ರಾಮನಾರಾಯಣನ್ ಅವರು ಸ್ವಿಚ್ಡ್ ಮೋಡ್ ಪವರ್ ಕನ್ವರ್ಷನ್ ಕುರಿತು ಸಿದ್ಧಪಡಿಸಿದ ಪಾಠ ಒಳ್ಳೆಯ ದಾರಿ.

ಗೊತ್ತಿಲ್ಲದ ಐಸಿ ಕೈಗೆ ಬಂದರೆ ಡೇಟಾಶೀಟಿನಲ್ಲಿ ಐದನ್ನು ಹುಡುಕಿ: ಎಷ್ಟಕ್ಕೆ ಏಳುತ್ತದೆ, ಎಷ್ಟಕ್ಕೆ ಮಲಗುತ್ತದೆ, ಗಡಿಯಾರದ ವೇಗ ಎಷ್ಟು, ಕರೆಂಟಿನ ಗರಿಷ್ಠ ಮಿತಿ ಎಲ್ಲಿದೆ, ಫೀಡ್‌ಬ್ಯಾಕ್ ಯಾವ ಕಾಲಿಗೆ ಬರುತ್ತದೆ. ಈ ಐದನ್ನು ಬೋರ್ಡಿನ ಪಕ್ಕ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಅದೇ ಸರದಿಯಲ್ಲಿ ಅಳೆಯುತ್ತ ಹೋಗಿ. ಯಾವ ಹಂತದಲ್ಲಿ ಅಳತೆ ತಪ್ಪುತ್ತದೋ ದೋಷ ಅದರ ಆಸುಪಾಸಿನಲ್ಲೇ ಇರುತ್ತದೆ. ಐಸಿ ಕೀಳಬೇಕೋ ಬೇಡವೋ ಎಂಬ ತೀರ್ಮಾನ ಆಮೇಲಿನದು.